ದಾಕಿಮಾಕುರ ಅಂದ್ರೆ ಏನ್ರೀ ಸರ್?

ಮೊದಲು ಅಳತೆ ತಿಳಿದುಕೊಳ್ಳೋಣ. ಉದ್ದ 160 ಸೆಂಟಿಮೀಟರ್, ಅಗಲ 50. ಮೊಳದ ಲೆಕ್ಕದಲ್ಲಿ ಮೂರೂವರೆ ಮೊಳ ಉದ್ದ, ಒಂದು ಮೊಳಕ್ಕೆ ತುಸು ಮೇಲ್ಪಟ್ಟು ಅಗಲ. ಐದಡಿ ಮೂರಿಂಚಿನ ಮನುಷ್ಯರೊಬ್ಬರು ಮಗ್ಗುಲಾಗಿ ಮಲಗಿದರೆ ಹಾಸಿಗೆಯಲ್ಲಿ ಎಷ್ಟು ಜಾಗ ಹಿಡಿಯುತ್ತಾರೋ ಹೆಚ್ಚುಕಡಿಮೆ ಅಷ್ಟು. ಜಪಾನಿನವರು ಇದನ್ನು ದಾಕಿಮಾಕುರ ಎನ್ನುತ್ತಾರೆ. ತಲೆಯ ಕೆಳಗೆ ಇಟ್ಟುಕೊಳ್ಳುವ ದಿಂಬಲ್ಲ, ಅಪ್ಪಿಕೊಂಡು ಮಲಗುವ ದಿಂಬು. ಅದರ ಮೇಲೆ ಜಪಾನಿ ಕಾರ್ಟೂನಾದ ಅನಿಮೆಯದೋ ವಿಡಿಯೊ ಗೇಮಿನದೋ ಒಂದು ಪಾತ್ರ ಆಳೆತ್ತರಕ್ಕೆ ಅಚ್ಚಾಗಿರುತ್ತದೆ.

ನಮ್ಮ ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸೂಗೂರಿನ ಪಿಯುಸಿ ಮಕ್ಕಳಲ್ಲಿ ಮೊಬೈಲಿನಲ್ಲಿ ಅನಿಮೆ ನೋಡುವವರಿಗೆ ಈ ಹೆಸರು ಗೊತ್ತಿರುತ್ತದೆ. ಹೆಸರು ಬಂದಾಗ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ, ಏನೆಂದು ಕೇಳಿದರೆ ‘ಏನಿಲ್ರೀ ಸರ್’ ಎನ್ನುತ್ತಾರೆ. ಮನೆಯಲ್ಲಿ ಅಪ್ಪ ಅವ್ವ ಕೇಳಿದರೂ ಅದೇ ಉತ್ತರ. ನಗುವವರಿಗೂ ಅರ್ಧ ಮಾತ್ರ ಗೊತ್ತು, ಕೇಳುವವರಿಗೆ ಏನೇನೂ ಗೊತ್ತಿಲ್ಲ. ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ ಹೇಳುವಂತೆ ಇದನ್ನು ಬರೆಯುತ್ತಿದ್ದೇನೆ.

ಹೊಸಬರು ಮೊದಲು ತಪ್ಪುವುದು ಕೊಳ್ಳುವ ಹಂತದಲ್ಲಿ. ದಾಕಿಮಾಕುರ ಒಂದೇ ವಸ್ತುವಲ್ಲ, ಎರಡು. ಒಳಗಿನ ದಿಂಬು ಬೇರೆ, ಮೇಲಿನ ಗಲೀಪು ಬೇರೆ. ಮಾರುವವರೂ ಸಾಮಾನ್ಯವಾಗಿ ಬೇರೆ ಬೇರೆಯಾಗಿಯೇ ಮಾರುತ್ತಾರೆ. ಜಪಾನಿನ ಅಭಿಮಾನಿಯ ಮನೆಯಲ್ಲಿ ಒಳದಿಂಬು ಒಂದೇ ಇದ್ದು, ಗಲೀಪು ನಾಲ್ಕೈದು ಇರಬಹುದು. ಬೆಲೆಯೆಲ್ಲ ಗಲೀಪಿನದು, ಏಕೆಂದರೆ ಚಿತ್ರ ಇರುವುದು ಅದರ ಮೇಲೆ. ಅಳತೆಯಲ್ಲೂ ಒಂದು ತೊಡಕಿದೆ. ಹಿಂದೆ 150 ಸೆಂಟಿಮೀಟರಿನ ದಿಂಬುಗಳೇ ಬಳಕೆಯಲ್ಲಿದ್ದವು, ಈಗ 160 ರೂಢಿಗೆ ಬಂದಿದೆ. 150ರ ದಿಂಬಿಗೆ 160ರ ಗಲೀಪು ತೊಡಿಸಿದರೆ ಪಾತ್ರದ ಪಾದಗಳು ಸುಕ್ಕುಗಟ್ಟಿ ಜೋತುಬೀಳುತ್ತವೆ. ಒಳದಿಂಬು ತುಸು ದಪ್ಪಗಿದ್ದರೇ ಚಿತ್ರ ಬಿಗಿಯಾಗಿ ಕೂರುವುದು.

ಚಿತ್ರ ಬರೆಯುವುದೂ ಬೇರೆಯದೇ ಕಸುಬು. ಸಿನಿಮಾ ಪೋಸ್ಟರಿನಲ್ಲಿ ನಾಯಕ ನಿಂತಿರುತ್ತಾನೆ, ಹಿಂದೆ ಊರು, ಆಕಾಶ, ಬೆಂಕಿ, ಹಾರುವ ಜೀಪು. ಇಲ್ಲಿ ಅದಾವುದಕ್ಕೂ ಜಾಗವಿಲ್ಲ. ಪಾತ್ರ ಹಾಸಿಗೆಯ ಮೇಲೆ ಮಲಗಿದೆ, ನಾವು ಮೇಲಿನಿಂದ ನೋಡುತ್ತಿದ್ದೇವೆ ಎಂಬ ಕೋನದಲ್ಲಿ ಬರೆಯಬೇಕು. ಕೈ ಅಗಲಿಸುವಂತಿಲ್ಲ, ಅಗಲಿಸಿದರೆ ಮೊಣಕೈ ಹೊಲಿಗೆಯಾಚೆ ಹೋಗುತ್ತದೆ. ಉಳಿದ ಜಾಗವನ್ನು ಹರಡಿದ ಕೂದಲು ಮತ್ತು ಮಗ್ಗುಲುಹಾಸಿನ ಮಡಿಕೆಗಳು ತುಂಬುತ್ತವೆ. ಕಣ್ಣು ನೋಡುವವರತ್ತ ತಿರುಗಿರುತ್ತದೆ. ಗಲೀಪಿನ ಎರಡು ಬದಿಗೆ ಎರಡು ಚಿತ್ರ: ಒಂದು ಬದಿಯಲ್ಲಿ ಶಾಲೆಯ ಸಮವಸ್ತ್ರವಿದ್ದರೆ ಇನ್ನೊಂದು ಬದಿಯಲ್ಲಿ ರಾತ್ರಿಯ ಉಡುಪು, ಇಲ್ಲವೇ ಒಂದರಲ್ಲಿ ಮುಗುಳುನಗೆ, ಇನ್ನೊಂದರಲ್ಲಿ ಕೋಪ. ಇದರಲ್ಲಿ ಪಳಗಿದ ಚಿತ್ರಕಾರರಿಗೆ ಅವರದೇ ಅಭಿಮಾನಿಗಳಿದ್ದಾರೆ. ಪಾತ್ರಕ್ಕಿಂತ ಬರೆದವರ ಹೆಸರು ನೋಡಿ ಕೊಳ್ಳುವವರೂ ಉಂಟು.

ಬಟ್ಟೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಇದರಲ್ಲಿ ನಮ್ಮೂರಿನವರಿಗೂ ತಿಳಿಯುವ ವಿಷಯವಿದೆ. ಒಳ್ಳೆಯ ಗಲೀಪಿಗೆ ಬಳಸುವುದು ಟೂವೇ ಟ್ರಿಕಾಟ್ ಎಂಬ ಹೆಣೆದ ಬಟ್ಟೆ. ಪಾಲಿಯೆಸ್ಟರಿಗೆ ರಬ್ಬರಿನಂತೆ ಹಿಗ್ಗುವ ನೂಲು ಬೆರೆಸಿ ಹೆಣೆದದ್ದು, ಉದ್ದಕ್ಕೂ ಅಡ್ಡಕ್ಕೂ ಎಳೆಯುತ್ತದೆ. ಅಗ್ಗದ ಮಾಲಿಗೆ ಪೀಚ್ ಸ್ಕಿನ್ ಎಂಬ ಬಟ್ಟೆ. ಮುಟ್ಟಲು ತೆಳುವಾಗಿ ಜುಂಗು ಜುಂಗಾಗಿರುತ್ತದೆ, ಹಿಗ್ಗುವುದಿಲ್ಲ. ಹತ್ತಿ ಬಟ್ಟೆ ಯಾಕೆ ಬಳಸುವುದಿಲ್ಲ ಎಂದರೆ ಅಚ್ಚಿನ ವಿಧಾನ ಹಾಗಿದೆ. ಚಿತ್ರವನ್ನು ಮೊದಲು ಕಾಗದದ ಮೇಲೆ ಮುದ್ರಿಸಿ, ಕಾಗದವನ್ನು ಬಟ್ಟೆಗೆ ಒತ್ತಿ, ಬಿಸಿ ಕೊಡುತ್ತಾರೆ. ಬಣ್ಣ ಆವಿಯಾಗಿ ನೂಲಿನ ಒಳಕ್ಕೆ ಇಳಿಯುತ್ತದೆ. ಪಾಲಿಯೆಸ್ಟರ್ ಆ ಬಣ್ಣವನ್ನು ಹಿಡಿದುಕೊಳ್ಳುತ್ತದೆ, ಹತ್ತಿ ಹಿಡಿದುಕೊಳ್ಳುವುದಿಲ್ಲ. ಇದಕ್ಕೆ ಸಬ್ಲಿಮೇಶನ್ ಪ್ರಿಂಟಿಂಗ್ ಎನ್ನುತ್ತಾರೆ. ತಾಲೂಕು ಊರುಗಳ ಫೋಟೊ ಸ್ಟುಡಿಯೊಗಳಲ್ಲಿ ಕಪ್ಪಿನ ಮೇಲೆ ಹುಟ್ಟುಹಬ್ಬದ ಫೋಟೊ, ಚೌಕ ಕುಶನ್ನಿನ ಮೇಲೆ ಹೊಸ ಜೋಡಿಯ ಫೋಟೊ ಹಾಕಿಕೊಡುತ್ತಾರಲ್ಲ, ಅದೂ ಇದೇ ವಿದ್ಯೆ. ಸ್ಟುಡಿಯೊದ ಯಂತ್ರ ಚಿಕ್ಕದು, ಮೂರೂವರೆ ಮೊಳದ ಬಟ್ಟೆಗೆ ದೊಡ್ಡ ರೋಲರ್ ಬೇಕು. ಅಷ್ಟೇ ವ್ಯತ್ಯಾಸ. ಗಂಡ ಹೆಂಡತಿಯ ಫೋಟೊ ಹಾಕಿದ ಕುಶನ್ ಸೋಫಾದ ಮೇಲಿದ್ದರೆ ಯಾರೂ ಎರಡು ಸಲ ನೋಡುವುದಿಲ್ಲ ಎಂಬುದನ್ನು ಇಲ್ಲಿ ಒಂದು ಮೂಲೆಯಲ್ಲಿ ಇಟ್ಟಿರೋಣ, ಮುಂದೆ ಬೇಕಾಗುತ್ತದೆ.

ಒಳಗಿನ ದಿಂಬನ್ನು ಇಲ್ಲಿಯೇ ಮಾಡಿಸಬಹುದೇ? ಮಾಡಿಸಬಹುದು. ನಮ್ಮ ಭಾಗದಲ್ಲಿ ಗಾದಿ, ತಲೆದಿಂಬು, ಲೋಡು ಮಾಡಿಕೊಡುವ ಕೆಲಸ ತಲೆಮಾರುಗಳಿಂದ ಪಿಂಜಾರ ಅಥವಾ ನದಾಫ ಸಮುದಾಯದವರ ಕಸುಬು. ದೊಡ್ಡ ಬಿಲ್ಲಿನ ನರಕ್ಕೆ ಕೊಡತಿಯಿಂದ ಹೊಡೆದು ಹತ್ತಿ ಹಿಂಜುತ್ತ ಓಣಿ ಓಣಿ ತಿರುಗುತ್ತಿದ್ದವರನ್ನು ನನ್ನ ವಯಸ್ಸಿನವರು ಕಂಡಿದ್ದಾರೆ. ಈಗ ಆ ಕೆಲಸವನ್ನು ಯಂತ್ರ ಮಾಡುತ್ತದೆ. ಆದರೆ ಅಪ್ಪಿಕೊಳ್ಳುವ ದಿಂಬಿಗೆ ಹತ್ತಿ ಅಷ್ಟು ಹೊಂದುವುದಿಲ್ಲ. ಮೂರೂವರೆ ಮೊಳಕ್ಕೆ ಹತ್ತಿ ತುಂಬಿದರೆ ಎತ್ತಲಾಗದಷ್ಟು ಭಾರ, ಮೇಲಾಗಿ ಕಾಲು ಹಾಕಿ ಹಾಕಿ ನಡುವೆ ಗಂಟು ಕಟ್ಟಿ ತಗ್ಗು ಬೀಳುತ್ತದೆ. ಬೂರುಗದ ಹತ್ತಿ ಹಗುರ, ಆದರೆ ಅದೂ ಕಾಲಾಂತರದಲ್ಲಿ ಕುಗ್ಗುತ್ತದೆ. ಅಂಗಡಿಯಲ್ಲಿ ಫೈಬರ್ ಎಂದು ಕೇಳಿದರೆ ಸಿಗುವ ಪಾಲಿಯೆಸ್ಟರ್ ಅರಳೆ ಒತ್ತಿ ಬಿಟ್ಟರೆ ಮತ್ತೆ ಉಬ್ಬುತ್ತದೆ. ಜಪಾನಿನ ಎ ಅಂಡ್ ಜೆ ಎಂಬ ಕಂಪನಿ ಇದೇ ಕಾರಣಕ್ಕೆ ಅಪ್ಪುವ ದಿಂಬಿಗಾಗಿಯೇ ಬೇರೆ ಬೇರೆ ತುಂಬುವಿಕೆಯ ಒಳದಿಂಬುಗಳನ್ನು ಮಾಡಿ ಹೆಸರು ಗಳಿಸಿತು.

ಇಷ್ಟು ವಸ್ತುವಿನ ಮಾತು. ಇನ್ನು ಇದರ ಹಿಂದಿನ ಕತೆ.

ಚಿತ್ರ ಬರುವುದಕ್ಕೆ ಎಷ್ಟೋ ಮೊದಲೇ ಅಪ್ಪುವ ದಿಂಬು ಇತ್ತು. ಚೀನಾ, ಕೊರಿಯಾ, ಜಪಾನುಗಳಲ್ಲಿ ಬಿದಿರಿನ ಸೀಳುಗಳನ್ನು ಕೊಳವೆಯಂತೆ ಹೆಣೆದು, ಒಳಗೆ ಟೊಳ್ಳು ಬಿಟ್ಟು, ಆಳುದ್ದದ ಬುಟ್ಟಿ ಮಾಡುತ್ತಿದ್ದರು. ಬೇಸಿಗೆಯ ರಾತ್ರಿ ಅದನ್ನು ತಬ್ಬಿ, ಕಾಲು ಮೇಲೆ ಹಾಕಿ ಮಲಗಿದರೆ ಮೈಗೂ ಹಾಸಿಗೆಗೂ ನಡುವೆ ಗಾಳಿ ಆಡುತ್ತದೆ, ಬೆವರು ಆರುತ್ತದೆ. ಅದಕ್ಕೆ ‘ಬಿದಿರಿನ ಹೆಂಡತಿ’ ಎಂಬ ಹೆಸರು ಮೂರೂ ದೇಶಗಳಲ್ಲಿತ್ತು. ಕೊರಿಯಾದಲ್ಲಿ ಒಂದು ಕಟ್ಟಳೆ ಹೇಳುತ್ತಾರೆ: ಅಪ್ಪ ಬಳಸಿದ್ದನ್ನು ಮಗ ಬಳಸಕೂಡದು. ನನಗೆ ಈ ಕಟ್ಟಳೆ ಬಹಳ ಮುಖ್ಯ ಎನಿಸುತ್ತದೆ. ಚಿತ್ರವಿಲ್ಲ, ಮುಖವಿಲ್ಲ, ಬರೀ ಬಿದಿರು. ಆದರೂ ಅದು ಒಬ್ಬರ ಮೈಯ ಸ್ವಂತದ್ದು, ಹಂಚಿಕೊಳ್ಳುವಂಥದ್ದಲ್ಲ ಎಂದು ಜನಕ್ಕೆ ಅನಿಸಿತ್ತು. ದಿಂಬಿನ ಜೊತೆಗಿನ ಮುಜುಗರ ಅನಿಮೆ ತಂದದ್ದಲ್ಲ, ಬಹಳ ಹಳೆಯದು.

ಇಂಡೊನೇಷ್ಯಾದಲ್ಲಿ ಗುಲಿಂಗ್ ಎಂಬ ಉರುಟು ದಿಂಬಿಲ್ಲದ ಮಂಚವೇ ಅಪರೂಪ. ಅಷ್ಟು ದೂರ ಯಾಕೆ ಹೋಗಬೇಕು? ಸಿಂಧನೂರು ತಾಲೂಕಿನಲ್ಲೇ ನೋಡಬಹುದು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ 1970ರ ದಶಕದ ಆರಂಭದ ಹೊತ್ತಿಗೆ ಸರಕಾರ ಇಲ್ಲಿ ನೆಲೆ ಕೊಟ್ಟಿತು. ನಾವು ಆರ್‌ಎಚ್ ಕ್ಯಾಂಪ್ ಎಂದು ನಂಬರು ಹಾಕಿ ಕರೆಯುವ ಊರುಗಳು ಅವೇ. ಭತ್ತ, ಮೀನು, ಅಕ್ಟೋಬರಿನ ದುರ್ಗಾಪೂಜೆ ಇವಿಷ್ಟೇ ಹೊರಗಿನವರ ಕಣ್ಣಿಗೆ ಬೀಳುತ್ತವೆ. ಆದರೆ ಬಂಗಾಳಿಗಳ ಮಲಗುವ ರೂಢಿಯಲ್ಲಿ ಪಾಶ್‌ಬಾಲಿಶ್ ಅಥವಾ ಕೋಲ್‌ಬಾಲಿಶ್ ಎಂಬ ಉದ್ದನೆಯ ಉರುಟು ದಿಂಬಿದೆ. ಮಗು ಹುಟ್ಟಿದಾಗಲೇ ಅದರ ಎರಡು ಮಗ್ಗುಲಿಗೆ ಎರಡು ಪುಟ್ಟ ಕೋಲ್‌ಬಾಲಿಶ್ ಇಡುತ್ತಾರೆ, ಮುದುಕರಾದರೂ ಅದನ್ನು ತಬ್ಬಿಯೇ ನಿದ್ದೆ. ಅವರಿಗೆ ದಾಕಿಮಾಕುರ ತೋರಿಸಿದರೆ ದಿಂಬು ಕಂಡು ಯಾರೂ ಬೆರಗಾಗಲಾರರು. ಅದರ ಮೇಲಿನ ಹುಡುಗಿ ಯಾರು ಎಂದಷ್ಟೇ ಕೇಳಿಯಾರು.

ನಮ್ಮ ಕನ್ನಡದ ಮನೆಗಳಲ್ಲಿ ಇರುವುದು ಲೋಡು. ಮದುವೆಮನೆಯಲ್ಲಿ ಬೀಗರು ಒರಗುವುದಕ್ಕೆ, ಮಠದಲ್ಲಿ ಸ್ವಾಮಿಗಳ ಬೆನ್ನಿಗೆ. ಅದು ಗೌರವದ ವಸ್ತು, ನಡುಮನೆಯದು. ಮಲಗುವ ಕೋಣೆಯಲ್ಲಿ ಲೋಡು ತಬ್ಬಿದವರನ್ನು ಕಂಡರೆ ‘ಏನ್ ಹುಡುಗಾಟಾನೋ’ ಎಂದು ಬೈಯುವವರೇ ಹೆಚ್ಚು. ಮಗ್ಗುಲಾಗಿ ಮಲಗುವವರಿಗೆ, ಅದರಲ್ಲೂ ಬಸುರಿಯರಿಗೆ, ಮೊಣಕಾಲ ನಡುವೆ ದಿಂಬಿದ್ದರೆ ಸೊಂಟಕ್ಕೆ ಆಸರೆ ಎಂದು ಈಗ ವೈದ್ಯರೇ ಹೇಳುತ್ತಾರೆ. ಜಪಾನಿನಲ್ಲೂ ಚಿತ್ರವಿಲ್ಲದ ಸಾದಾ ದಾಕಿಮಾಕುರ ಹಾಸಿಗೆ ಅಂಗಡಿಯ ನಿತ್ಯದ ಮಾಲು, ಗೃಹಿಣಿಯರೂ ವಯಸ್ಸಾದವರೂ ಕೊಳ್ಳುತ್ತಾರೆ. ಚಿತ್ರದ ಗಲೀಪು ಅದಕ್ಕೆ ಆಮೇಲೆ ಸೇರಿಕೊಂಡದ್ದು.

ಅದು ಸೇರಿಕೊಂಡದ್ದು 1990ರ ದಶಕದ ಕೊನೆ ಮತ್ತು 2000ದ ಆಸುಪಾಸಿನಲ್ಲಿ. ಕಾರಣ ಪ್ರೀತಿಗಿಂತ ಮೊದಲು ದುಡ್ಡು. ಜಪಾನಿನಲ್ಲಿ ಒಂದು ಅನಿಮೆ ತಯಾರಾಗುವುದು ಒಬ್ಬ ನಿರ್ಮಾಪಕರ ಬಂಡವಾಳದಿಂದಲ್ಲ. ಪ್ರಕಾಶಕರು, ಹಾಡಿನ ಕಂಪನಿ, ಆಟಿಕೆ ಕಂಪನಿ, ಟಿವಿ ವಾಹಿನಿ ಎಲ್ಲ ಸೇರಿ ಒಂದು ಸಮಿತಿ ಮಾಡಿಕೊಂಡು ಹಣ ಹೂಡುತ್ತಾರೆ. 1995ರ ಅಕ್ಟೋಬರಿನಲ್ಲಿ ಪ್ರಸಾರ ಶುರುವಾದ ‘ನಿಯಾನ್ ಜೆನೆಸಿಸ್ ಇವಾಂಜೆಲಿಯನ್’ ಗೆದ್ದ ಮೇಲೆ ಈ ಪದ್ಧತಿ ಬಲವಾಯಿತು, ದೊಡ್ಡವರಿಗಾಗಿ ನಡುರಾತ್ರಿ ಪ್ರಸಾರವಾಗುವ ಅನಿಮೆಗಳೂ ಹೆಚ್ಚಿದವು. ನಡುರಾತ್ರಿ ಜಾಹೀರಾತಿನಿಂದ ಎಷ್ಟು ಬಂದೀತು? ಹಾಕಿದ ದುಡ್ಡು ವಾಪಸಾಗಬೇಕಾದದ್ದು ಡಿವಿಡಿಯಿಂದ, ಪಾತ್ರದ ಗೊಂಬೆಯಿಂದ, ಕೀ ಚೈನಿನಿಂದ, ಟೀಶರ್ಟಿನಿಂದ. ಹೀಗಾಗಿ ಕತೆಗಿಂತ ಪಾತ್ರ ದೊಡ್ಡ ಸರಕಾಯಿತು. ಆ ಸರಕುಗಳ ಸಾಲಿನಲ್ಲಿ ಆಳೆತ್ತರದ ದಿಂಬಿನ ಗಲೀಪೂ ಬಂತು. ಕೋಸ್ಪಾ ಎಂಬ ಕಂಪನಿ ಅನಿಮೆ ಮೇಳಗಳಲ್ಲಿ ಇವನ್ನು ಮಾರಿ ರೂಢಿಗೆ ತಂದವರಲ್ಲಿ ಮುಖ್ಯವಾದದ್ದು.

ಕಂಪನಿಗಳ ಜೊತೆಗೇ ಅಭಿಮಾನಿಗಳ ಸ್ವಂತ ಸಂತೆಯೂ ಇದೆ. ಟೋಕಿಯೊದಲ್ಲಿ 1975ರ ಡಿಸೆಂಬರ್ 21ರಂದು ಅಭಿಮಾನಿಗಳೇ ಕೂಡಿ ಕಾಮಿಕ್ ಮಾರ್ಕೆಟ್ ಎಂಬ ಮೇಳ ನಡೆಸಿದರು. ಅಂದು ಮಳಿಗೆ ಹಾಕಿದ ಗುಂಪುಗಳು 32, ಬಂದ ಜನ ಸುಮಾರು 700. ವರ್ಷಕ್ಕೆ ಎರಡು ಸಲ, ಆಗಸ್ಟ್ ಮತ್ತು ಡಿಸೆಂಬರಿನಲ್ಲಿ ನಡೆಯುವ ಅದೇ ಮೇಳಕ್ಕೆ ಕೊರೊನಾಕ್ಕೆ ಮುಂಚಿನ 2019ರ ಡಿಸೆಂಬರಿನಲ್ಲಿ ನಾಲ್ಕು ದಿನಗಳಲ್ಲಿ ಬಂದವರು ಏಳು ಲಕ್ಷ ದಾಟಿದರು. ಅಲ್ಲಿ ಮಾರುವವರು ಬಹುಪಾಲು ಹವ್ಯಾಸಿಗಳು. ಜನಪ್ರಿಯ ಪಾತ್ರಗಳನ್ನು ತಮ್ಮ ಕೈಯಲ್ಲಿ ಬರೆದು ಪುಸ್ತಕ, ಪೋಸ್ಟರ್, ದಿಂಬಿನ ಗಲೀಪು ಮಾಡಿ ಕಡಿಮೆ ಸಂಖ್ಯೆಯಲ್ಲಿ ಮಾರುತ್ತಾರೆ. ಹಕ್ಕುದಾರ ಕಂಪನಿಗಳು ಇದನ್ನು ಕಂಡೂ ಕಾಣದಂತೆ ಇರುತ್ತವೆ. ಅಭಿಮಾನ ಬೆಳೆದರೆ ತಮಗೇ ಲಾಭ ಎಂಬ ಲೆಕ್ಕ. ಅಲ್ಲಿ ಸಿಕ್ಕ ಗಲೀಪು ಮತ್ತೆ ಅಚ್ಚಾಗುವ ಖಾತರಿಯಿಲ್ಲ, ಹಾಗಾಗಿ ಬೆಳಗಿನ ಜಾವಕ್ಕೇ ಸಾಲು ನಿಲ್ಲುತ್ತಾರೆ.

ಇದೆಲ್ಲ ಗಂಡು ಹುಡುಗರ ಲೋಕ ಎಂದು ತಿಳಿಯುವುದು ತಪ್ಪು. ಹುಡುಗಿಯರಿಗಾಗಿಯೇ ಮಾಡಿದ ಗೇಮುಗಳಿವೆ, ಅವುಗಳ ಸುಂದರ ಯುವಕರ ಚಿತ್ರದ ಗಲೀಪುಗಳೂ ಇವೆ. ಈಗ ಜಪಾನಿನಲ್ಲಿ ‘ಓಶಿ’ ಎಂಬ ಮಾತು ಮನೆಮಾತಾಗಿದೆ. ಒಬ್ಬ ಅಭಿಮಾನಿ ಬೆನ್ನಿಗೆ ನಿಲ್ಲಲು ಆರಿಸಿಕೊಂಡ ಗಾಯಕ, ನಟಿ ಅಥವಾ ಕಾಲ್ಪನಿಕ ಪಾತ್ರವೇ ಅವರ ಓಶಿ. ಉಸಾಮಿ ರಿನ್ ಎಂಬ ಯುವತಿ ಬರೆದ ‘ಓಶಿ, ಮೋಯು’ ಕಾದಂಬರಿಗೆ 2021ರ ಜನವರಿಯಲ್ಲಿ ಅಲ್ಲಿನ ಬಹುದೊಡ್ಡ ಸಾಹಿತ್ಯ ಪ್ರಶಸ್ತಿಯಾದ ಅಕುತಾಗಾವಾ ದೊರೆಯಿತು. ಆಗ ಆಕೆಗೆ 21 ವರ್ಷ. ಕತೆಯ ನಾಯಕಿ ಹೈಸ್ಕೂಲಿನ ಹುಡುಗಿ. ಓದು ಹತ್ತುವುದಿಲ್ಲ, ಮನೆಯಲ್ಲಿ ಹೊಂದಿಕೆಯಿಲ್ಲ, ಅವಳನ್ನು ನಿಲ್ಲಿಸಿರುವುದು ಒಬ್ಬ ಗಾಯಕನ ಮೇಲಿನ ಅಭಿಮಾನವೊಂದೇ. ಅವನು ಒಬ್ಬ ಅಭಿಮಾನಿಗೆ ಹೊಡೆದ ಸುದ್ದಿ ಬಂದಾಗ ಅವಳ ಬದುಕು ಅಲುಗಾಡುತ್ತದೆ. ಅಭಿಮಾನವನ್ನು ಹುಚ್ಚೆಂದು ತಳ್ಳಿಹಾಕದೆ ಒಳಗಿನಿಂದ ಬರೆದದ್ದರಿಂದ ಕಾದಂಬರಿಗೆ ಬಹಳ ಓದುಗರು ಸಿಕ್ಕರು.

ಅಭಿಮಾನದ ವಿಷಯದಲ್ಲಿ ನಮಗೆ ಯಾರೂ ಪಾಠ ಹೇಳಬೇಕಿಲ್ಲ. ಅಭಿಮಾನಿಗಳನ್ನೇ ದೇವರು ಎಂದು ಕರೆದ ನಟ ಕನ್ನಡದವರು. 1982ರ ಗೋಕಾಕ್ ಚಳವಳಿಗೆ ರಾಜಕುಮಾರ್ ಇಳಿದಾಗ ಅವರ ಹಿಂದೆ ನಡೆದದ್ದು ಅಭಿಮಾನಿ ಸಂಘಗಳ ಸಾಲು. 2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡ ಮೇಲೆ ಊರೂರಲ್ಲಿ ನಡೆದದ್ದನ್ನು ಯಾರೂ ಮರೆತಿಲ್ಲ. ಸಾವಿರಾರು ಮಂದಿ ಕಣ್ಣುದಾನಕ್ಕೆ ಹೆಸರು ಬರೆಸಿದರು, ಪಕ್ಕದ ಹೊಸಪೇಟೆಯಲ್ಲಿ 2022ರಲ್ಲಿ ಪುತ್ಥಳಿ ನಿಂತಿತು, ಮಾರ್ಚ್ 17 ಬಂದರೆ ಇಂದಿಗೂ ಅನ್ನಸಂತರ್ಪಣೆ. ಆಟೊದ ಹಿಂದೆ ಅಪ್ಪು, ಮೊಬೈಲ್ ಕವರಿನ ಮೇಲೆ ಅಪ್ಪು, ತೋಳಿನ ಹಚ್ಚೆಯಲ್ಲಿ ಅಪ್ಪು. ಹೊಸ ಸಿನಿಮಾ ಬಂದರೆ ಚಿತ್ರಮಂದಿರದ ಮುಂದೆ ನಲವತ್ತು ಅಡಿ ಕಟೌಟು, ಅದಕ್ಕೆ ಹಾಲು, ಹೂವು, ಪಟಾಕಿ.

ಈಗ ಈ ಕಟೌಟು, ಆ ದಿಂಬು ಎರಡನ್ನೂ ಎದುರುಬದುರು ಇಡಿ. ಎರಡರಲ್ಲೂ ಇರುವುದು ಆಳೆತ್ತರದ ಅಥವಾ ಅದಕ್ಕೂ ಮಿಕ್ಕಿದ ಚಿತ್ರ. ಎರಡರಲ್ಲೂ ಚಿತ್ರಕ್ಕೆ ಮೈಯ ಸೇವೆ ಸಲ್ಲುತ್ತದೆ. ನಾವು ಹಾಲೆರೆಯುತ್ತೇವೆ, ಅವರು ಅಪ್ಪಿಕೊಳ್ಳುತ್ತಾರೆ. ನಮ್ಮದು ಬೀದಿಯಲ್ಲಿ, ಹತ್ತು ಜನರ ಜೊತೆ, ಹಲಗೆ ಬಾರಿಸಿ. ಅವರದು ಬಾಗಿಲು ಹಾಕಿದ ಕೋಣೆಯಲ್ಲಿ, ಒಬ್ಬರೇ. ಕಟೌಟಿನ ಮೇಲೆ ಹತ್ತಿ ಬಿದ್ದು ಕೈಕಾಲು ಮುರಿದುಕೊಂಡವರನ್ನು ನಾವು ‘ಕಟ್ಟಾ ಅಭಿಮಾನಿ’ ಎನ್ನುತ್ತೇವೆ. ಯಾರಿಗೂ ತೊಂದರೆಯಿಲ್ಲದೆ ದಿಂಬು ತಬ್ಬಿ ಮಲಗಿದವರನ್ನು ಕಂಡು ಮೂಗು ಮುರಿಯುತ್ತೇವೆ. ನಮಗೆ ಅಭಿಮಾನ ವಿಚಿತ್ರವೆನಿಸುವುದಿಲ್ಲ, ಅದರ ಸುತ್ತ ಜನ ಇಲ್ಲದಿರುವುದೇ ವಿಚಿತ್ರವೆನಿಸುತ್ತದೆ. ಸೋಫಾದ ಮೇಲಿನ ಜೋಡಿ ಫೋಟೊದ ಕುಶನ್ನಿಗೆ ಯಾರೂ ನಗದಿರುವುದೂ ಇದಕ್ಕೇ: ಆ ಪ್ರೀತಿಗೆ ಮದುವೆಗೆ ಬಂದ ಐನೂರು ಜನ ಸಾಕ್ಷಿ ಇದ್ದಾರೆ.

ಜಪಾನಿನವರು ಎಲ್ಲವನ್ನೂ ಕೋಣೆಯೊಳಗೇ ಇಡುತ್ತಾರೆಂದೂ ಅಲ್ಲ. ಇಡೀ ಕಾರಿನ ಮೈಗೆ ಮೆಚ್ಚಿನ ಪಾತ್ರದ ಸ್ಟಿಕರ್ ಹೊದಿಸಿ ಓಡಿಸುವವರಿದ್ದಾರೆ, ಆ ಕಾರುಗಳಿಗೆ ಇತಾಶಾ ಎನ್ನುತ್ತಾರೆ. ನಮ್ಮ ಆಟೊಗಳನ್ನು ನೋಡಿದರೆ ಅವರು ಅಣ್ಣತಮ್ಮಂದಿರನ್ನು ಕಂಡಷ್ಟು ಖುಷಿಪಟ್ಟಾರು. ದಿಂಬು ಮಾತ್ರ ಒಳಗಿನ ವಸ್ತು. ಅತಿಥಿ ಬಂದರೆ ಕಪಾಟು ಸೇರುತ್ತದೆ, ಇಲ್ಲವೇ ಮೇಲೊಂದು ಸಾದಾ ಗಲೀಪು ಬೀಳುತ್ತದೆ.

ಇಲ್ಲದವರನ್ನು ಪ್ರೀತಿಸುವುದು ಹುಚ್ಚಲ್ಲವೇ ಎಂಬ ಪ್ರಶ್ನೆ ತರಗತಿಯಲ್ಲಿ ತಪ್ಪದೆ ಬರುತ್ತದೆ. ಕಣ್ಣಿಗೆ ಕಾಣದ ಚೆನ್ನಮಲ್ಲಿಕಾರ್ಜುನನನ್ನೇ ಗಂಡನೆಂದು ನಂಬಿ ನಡೆದ ಅಕ್ಕನ ಭಾಷೆಯಲ್ಲಿ ನಿಂತು ಈ ಪ್ರಶ್ನೆ ಕೇಳುವಾಗ ಸ್ವಲ್ಪ ತಡೆದು ಕೇಳಬೇಕು. ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ಅಕ್ಕನದು ಎಲ್ಲವನ್ನೂ ಬಿಟ್ಟು ಹೊರಟ ದಾರಿ; ಇಲ್ಲಿ ಪ್ರತಿ ಮೂರು ತಿಂಗಳಿಗೆ ಹೊಸ ಅನಿಮೆ, ಹೊಸ ಪಾತ್ರ, ಹೊಸ ಗಲೀಪು. ಮನಸ್ಸಿನ ಒಂದು ಹಳೆಯ ಶಕ್ತಿಯನ್ನು ಅಂಗಡಿಯವರು ಚೆನ್ನಾಗಿ ಅರಿತಿದ್ದಾರೆ ಎನ್ನುವಷ್ಟು ಹೇಳಬಹುದು.

ಮುಜುಗರದ ಮಾತನ್ನೂ ನೇರವಾಗಿ ಆಡಬೇಕು, ಮೇಷ್ಟ್ರಾದವರು ಅದನ್ನು ಹಾರಿಸಿ ಮುಂದೆ ಹೋಗುವಂತಿಲ್ಲ. ಗಲೀಪುಗಳಲ್ಲಿ ಸಭ್ಯವಾದವೂ ಇವೆ, ಬಟ್ಟೆಯಿಲ್ಲದ ಚಿತ್ರದವೂ ಇವೆ, ಒಂದೇ ಗಲೀಪಿನ ಒಂದು ಬದಿ ಸಭ್ಯ ಇನ್ನೊಂದು ಬದಿ ಅಲ್ಲ ಎನ್ನುವಂಥವೂ ಇವೆ. ಪಿಯುಸಿ ಮಕ್ಕಳ ಆ ನಗುವಿನ ಗುಟ್ಟು ಇದೇ. ವಯಸ್ಕರು ವಯಸ್ಕ ಪಾತ್ರದ ಚಿತ್ರ ಕೊಂಡು ತಮ್ಮ ಕೋಣೆಯಲ್ಲಿಟ್ಟುಕೊಂಡರೆ ಅದು ಅವರ ಪಾಡು. ಆದರೆ ಮಕ್ಕಳಂತೆ ಕಾಣುವ ಪಾತ್ರಗಳನ್ನು ಹಾಗೆ ಚಿತ್ರಿಸುವುದೂ ಈ ಲೋಕದಲ್ಲಿ ನಡೆಯುತ್ತದೆ. ಅದರ ಬಗ್ಗೆ ನನ್ನ ಅಭಿಪ್ರಾಯದಲ್ಲಿ ಎರಡು ಮಾತಿಲ್ಲ, ಅದು ಬೇಡ. ಜಪಾನು 2014ರಲ್ಲಿ ಮಕ್ಕಳ ಅಶ್ಲೀಲ ಚಿತ್ರಗಳನ್ನು ಇಟ್ಟುಕೊಳ್ಳುವುದನ್ನು ಅಪರಾಧವೆಂದಿತು, ಆದರೆ ಕೈಯಲ್ಲಿ ಬರೆದ ಮಾಂಗಾ ಎಂಬ ಚಿತ್ರಕತೆ ಮತ್ತು ಅನಿಮೆಯನ್ನು ಹೊರಗಿಟ್ಟಿತು. ಅದಕ್ಕಾಗಿ ಟೀಕೆಗೂ ಒಳಗಾಯಿತು. ನಮ್ಮಲ್ಲಿ ಪೋಕ್ಸೊ ಕಾಯ್ದೆಯ 2019ರ ತಿದ್ದುಪಡಿ, ಮಗುವಿನಂತೆ ತೋರುವ ಹಾಗೆ ರಚಿಸಿದ ಚಿತ್ರವನ್ನೂ ಮಕ್ಕಳ ಅಶ್ಲೀಲ ಚಿತ್ರದ ವ್ಯಾಖ್ಯೆಯೊಳಗೆ ತಂದಿದೆ. ಅಲ್ಲಿ ಮಾರುತ್ತಾರೆ, ಆದ್ದರಿಂದ ಇಲ್ಲಿ ತರಿಸಬಹುದು ಎಂದು ಯಾರೂ ತಿಳಿಯಬಾರದು. ಮಗನೋ ಮಗಳೋ ದಿಂಬು ಕೇಳಿದರೆ ದಿಂಬಿಗೆ ಗಾಬರಿಯಾಗದೆ, ಗಲೀಪಿನ ಎರಡೂ ಬದಿ ನೋಡಿ.

ಸುದ್ದಿಯವರು ದಿಂಬಿನ ಹೆಸರನ್ನು ಇನ್ನೊಂದು ರೀತಿಯಲ್ಲಿ ಕೆಡಿಸಿದ್ದಾರೆ. 2009ರಲ್ಲಿ ನ್ಯೂಯಾರ್ಕ್ ಟೈಮ್ಸಿನ ವಾರಪತ್ರಿಕೆ ದಿಂಬನ್ನೇ ಗೆಳತಿಯೆಂದು ಬಾಳುವ ಜಪಾನಿ ಗಂಡಸರ ಬಗ್ಗೆ ದೊಡ್ಡ ಲೇಖನ ಮಾಡಿತು. ಮರುವರ್ಷ ದಕ್ಷಿಣ ಕೊರಿಯಾದ ಯುವಕನೊಬ್ಬ ದಿಂಬಿನ ಜೊತೆ ಮದುವೆಯ ಶಾಸ್ತ್ರ ಮಾಡಿಕೊಂಡದ್ದು ಲೋಕಕ್ಕೆಲ್ಲ ಸುದ್ದಿ. ಒಬ್ಬಿಬ್ಬರ ಕತೆ ಒಂದು ದೇಶದ ರೋಗದಂತೆ ಓದಿಸಿಕೊಂಡಿತು. ಕಟೌಟಿನಿಂದ ಬಿದ್ದವನೊಬ್ಬನ ಫೋಟೊ ಹಾಕಿ ‘ಕನ್ನಡಿಗರು ಹೀಗೆ’ ಎಂದು ಯಾರಾದರೂ ಬರೆದರೆ ನಾವು ಒಪ್ಪುತ್ತೇವೆಯೇ? ಬಹುಪಾಲು ಅಭಿಮಾನಿಗಳಿಗೆ ಅದು ಸಂಗ್ರಹದ ವಸ್ತು, ಅರ್ಧ ತಮಾಷೆ, ಅರ್ಧ ಸಮಾಧಾನ. ಕೆಲವರು ಮಡಚಿದ ಗಲೀಪನ್ನು ಬಿಚ್ಚುವುದೂ ಇಲ್ಲ.

ಆ ಸಮಾಧಾನಕ್ಕೆ ವಿಜ್ಞಾನದ ಆಧಾರವಿದೆಯೇ? ಸ್ವಲ್ಪ ಇದೆ. ರೊಬೋಟ್ ವಿಜ್ಞಾನಿ ಹಿರೋಶಿ ಇಶಿಗುರೊ ಅವರ ತಂಡ ಹಗ್ವೀ ಎಂಬ, ಮನುಷ್ಯಾಕಾರದ ಒಂದು ಮೆತ್ತನೆಯ ದಿಂಬು ಮಾಡಿತು. ಅದರ ತಲೆಯ ಭಾಗದಲ್ಲಿ ಫೋನ್ ಸಿಕ್ಕಿಸಿ, ತಬ್ಬಿಕೊಂಡು ಮಾತಾಡಬೇಕು. 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹೀಗೆ 15 ನಿಮಿಷ ಮಾತಾಡಿದವರ ಮೈಯಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸೋಲ್, ಬರೀ ಫೋನಿನಲ್ಲಿ ಮಾತಾಡಿದವರಿಗಿಂತ ಇಳಿದಿತ್ತು. ಆದರೆ ಗಮನಿಸಿ, ಅಲ್ಲಿ ಫೋನಿನ ಆಚೆ ಬದಿ ನಿಜವಾದ ಮನುಷ್ಯರ ದನಿ ಇತ್ತು. ಚಿತ್ರದ ದಿಂಬು ಮಾರುವವರು ಈ ಪ್ರಯೋಗದ ಹೆಸರು ಹೇಳಿದರೆ ಇದನ್ನು ನೆನಪಿಸಿ.

ನಮ್ಮ ತಾಲೂಕುಗಳಿಗೆ ಈ ಲೋಕ ಬಂದ ದಾರಿಯೂ ಸ್ವಾರಸ್ಯವಾಗಿದೆ. 2005ರಿಂದ ಹಿಂದಿಯಲ್ಲಿ ಬಂದ ಡೋರೆಮಾನ್ ನೋಡಿ ಬೆಳೆದ ಮಕ್ಕಳು ಈಗ ನೌಕರಿಗೆ ಸೇರಿದ್ದಾರೆ. ಇತ್ತೀಚೆಗೆ ಅನಿಮೆಗೆ ಹಿಂದಿ, ತಮಿಳು, ತೆಲುಗು ದನಿ ಕೊಡುತ್ತಿದ್ದಾರೆ. ಕಾಲುವೆ ನೀರು ಹಿಡಿದು ಬಂದ ಆಂಧ್ರದವರ ಕ್ಯಾಂಪುಗಳಿರುವ ಸಿಂಧನೂರಿನಲ್ಲಿ ತೆಲುಗು ಕಷ್ಟವಲ್ಲ, ಉರ್ದು ಮನೆಗಳಿಗೆ ಹಿಂದಿ ಕಷ್ಟವಲ್ಲ. ಹೀಗಾಗಿ ಜಪಾನಿನ ಪಾತ್ರ ತೆಲುಗಿನಲ್ಲಿ ಮಾತಾಡಿ ಕನ್ನಡದ ಹುಡುಗರ ಎದೆಗೆ ಇಳಿಯುತ್ತದೆ. 2019ರಲ್ಲಿ ಭಾರತದ ಅಭಿಮಾನಿಗಳು ಸಾವಿರಾರು ಸಹಿ ಸಂಗ್ರಹಿಸಿದ ಮೇಲೆ ನಿರ್ದೇಶಕ ಮಕೋತೊ ಶಿಂಕಾಯ್ ಅವರ ಅನಿಮೆ ‘ವೆದರಿಂಗ್ ವಿತ್ ಯೂ’ ಇಲ್ಲಿನ ಚಿತ್ರಮಂದಿರಗಳಿಗೆ ಬಂತು. ಬೆಂಗಳೂರಿನಲ್ಲಿ 2012ರಿಂದ ಕಾಮಿಕ್ ಕಾನ್ ಮೇಳ ನಡೆಯುತ್ತಿದೆ, ಪಾತ್ರಗಳ ವೇಷ ಹಾಕಿದ ಹುಡುಗ ಹುಡುಗಿಯರು ಸಾಲುಗಟ್ಟುತ್ತಾರೆ. ಹಾಗೆ ನೋಡಿದರೆ ಜಪಾನಿನವರೇ ಮೊದಲು ನಮ್ಮೂರಿಗೆ ಬಂದಿದ್ದರು: ಯುಗೊ ಸಾಕೊ ಎಂಬ ಜಪಾನಿ ನಿರ್ದೇಶಕ ಭಾರತದ ರಾಮ್ ಮೋಹನ್ ಜೊತೆ ಸೇರಿ 1990ರ ದಶಕದ ಆರಂಭದಲ್ಲೇ ರಾಮಾಯಣವನ್ನು ಅನಿಮೆ ಮಾಡಿದ್ದರು. 2025ರ ಜನವರಿಯಲ್ಲಿ ಅದು ಮತ್ತೆ ತೆರೆಕಂಡಿತು. ಪಕ್ಕದ ಗಂಗಾವತಿ ತಾಲೂಕಿನ ಆನೆಗೊಂದಿಯನ್ನೇ ಕಿಷ್ಕಿಂಧೆಯೆಂದು ನಂಬುವ ನಾವು ಆ ಹನುಮನನ್ನು ಹೊರಗಿನವನೆಂದು ಹೇಗೆ ಅನ್ನುವುದು?

ಕೊಳ್ಳುವವರಿಗೆ ಕೆಲವು ಮಾತು. ಜಪಾನಿನ ಅಸಲಿ ಗಲೀಪು ಹತ್ತು ಸಾವಿರ ಯೆನ್ ಆಸುಪಾಸು, ಅಂದರೆ ಐದಾರು ಸಾವಿರ ರೂಪಾಯಿ. ಅದರ ಮೇಲೆ ಸಾಗಣೆ, ಸುಂಕ. ಅದರ ಒಂದು ಚೂರು ಬೆಲೆಗೆ ಸಿಗುವವು ಬಹುತೇಕ ಕದ್ದ ಚಿತ್ರದವು. ಬರೆದವರಿಗೆ ಒಂದು ಪೈಸೆಯೂ ಹೋಗುವುದಿಲ್ಲ, ಎರಡು ಒಗೆತಕ್ಕೆ ಮುಖವೂ ಮಸುಕಾಗುತ್ತದೆ. ಇನ್ನು ಒಂದರ ಮೇಲೊಂದು ಕೊಳ್ಳುವ ಚಟ. ಲಿಂಗಸೂಗೂರು ತಾಲೂಕಿನ ಅಮರೇಶ್ವರದ ಆಯ್ದಕ್ಕಿ ಲಕ್ಕಮ್ಮ, ಗಂಡ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ಆರಿಸಿ ತಂದಾಗ ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದವಳು. ಆಕೆಗೆ ಹನ್ನೆರಡು ಗಲೀಪಿನ ಕಪಾಟು ತೋರಿಸುವ ಧೈರ್ಯ ನನಗಿಲ್ಲ.

ಒಗೆಯುವಾಗ ಚಿತ್ರ ಒಳಮುಖವಾಗುವಂತೆ ತಿರುವಿ, ತಣ್ಣೀರಿನಲ್ಲಿ, ಬ್ಲೀಚ್ ಹಾಕದೆ ಕೈಯಲ್ಲೇ ಒಗೆಯಿರಿ. ಬಂಡೆಗೆ ಬಡಿಯಬೇಡಿ, ಹಿಂಡಬೇಡಿ, ಇಸ್ತ್ರಿ ಬೇಡವೇ ಬೇಡ. ನೆರಳಲ್ಲಿ ಒಣಗಿಸಿ, ರಾಯಚೂರು ಜಿಲ್ಲೆಯ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ, ಬಣ್ಣ ಉಳಿಯುವುದಿಲ್ಲ. ಅದೇ ಬಿಸಿಲಿನ ಕಾರಣಕ್ಕೆ ಇನ್ನೊಂದು ಮಾತು. ಪಾಲಿಯೆಸ್ಟರ್ ಬೆವರು ಹೀರುವುದಿಲ್ಲ, ಬೇಸಿಗೆಯಲ್ಲಿ ಅದನ್ನು ತಬ್ಬಿ ಮಲಗಿದರೆ ನಡುರಾತ್ರಿಗೆ ನೀವೇ ಒದ್ದು ಕೆಳಗೆ ಹಾಕುತ್ತೀರಿ. ದೀಪಾವಳಿಯಿಂದ ಶಿವರಾತ್ರಿವರೆಗೆ ಚಿತ್ರದ ಗಲೀಪು ಸರಿ, ಆಮೇಲೆ ಅದೇ ಅಳತೆಯ ಸಾದಾ ಹತ್ತಿ ಗಲೀಪನ್ನು ದರ್ಜಿಯ ಹತ್ತಿರ ಹೊಲಿಸಿಕೊಳ್ಳಿ. ಗಾದಿ ಅಂಗಡಿಗೆ ಹೋದಾಗ ದಾಕಿಮಾಕುರ ಎನ್ನಬೇಡಿ, ಅವರಿಗೆ ತಿಳಿಯುವುದಿಲ್ಲ. ಮೂರೂವರೆ ಮೊಳದ ಉದ್ದನೆ ದಿಂಬು, ಒಳಗೆ ಫೈಬರ್, ತುಸು ಬಿಗಿಯಾಗಿ ತುಂಬಿ ಎನ್ನಿ. ಯಾರಿಗೆ ಎಂದು ಕೇಳಿದರೆ ಮಗ್ಗುಲಾಗಿ ಮಲಗುವವರಿಗೆ ಎಂದರೆ ಸಾಕು, ಅದು ಸುಳ್ಳೂ ಅಲ್ಲ.